ಪ್ಯಾಕೇಜ್ ಲೇಔಟನ್ನು ಚಿಪ್ ಟೂಲಿಗೆ ತರುವಾಗ ಲೇಯರ್ ಮ್ಯಾಪ್: ನಂಬರ್ ಗೊತ್ತು, ಊರು ಯಾವುದು?

"ಎಂ1 ಅಂದ್ರೆ ಎಲ್ಲ ಕಡೆನೂ ಎಂ1 ತಾನೇ ಸಾರ್?"

ಮೈಸೂರಿನ ಹೆಬ್ಬಾಳದಲ್ಲಿರುವ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗಿ ಕೇಳಿದ ಪ್ರಶ್ನೆ ಇದು. ಪ್ಯಾಕೇಜ್ ಸಬ್‌ಸ್ಟ್ರೇಟಿನ (ಚಿಪ್ಪನ್ನು ಹೊರುವ, ಪದರ ಪದರವಾಗಿ ತಾಮ್ರವಿರುವ ಹಲಗೆ) ಫೈಲನ್ನು ಚಿಪ್ ಲೇಔಟ್ ಟೂಲಿನೊಳಗೆ ತಂದು, ಅದರ ಎಂ1 (ಮೊದಲ ಮೆಟಲ್) ಲೇಯರನ್ನು ಚಿಪ್ಪಿನ ಎಂ1ಕ್ಕೆ ಜೋಡಿಸಿಬಿಟ್ಟಿದ್ದಳು. ಡಿಆರ್‌ಸಿ (ನಕ್ಷೆ ತಯಾರಿಕೆಯ ನಿಯಮಕ್ಕೆ ಹೊಂದುತ್ತದೋ ನೋಡುವ ಪರೀಕ್ಷೆ) ಓಡಿಸಿದರೆ ಪರದೆ ತುಂಬ ಕೆಂಪು. ಅವಳ ಊರು ಮದ್ದೂರಿನ ಹತ್ತಿರ, ನನ್ನದು ಪಾಂಡವಪುರದ ಕಡೆ.

"ನಿಮ್ಮೂರಲ್ಲಿ ಸರ್ವೆ ನಂಬರ್ 68 ಇದೆಯಾ?" ಅಂದೆ.

"ಇರುತ್ತೆ ಸಾರ್."

"ನಮ್ಮೂರಲ್ಲೂ ಇದೆ. ಹಾಗಂತ ಬಂದು ನಮ್ಮ ಗದ್ದೆಗೆ ನಾಟಿ ಹಾಕಿಸ್ತೀರಾ?"

ನಕ್ಕಳು, ಆದರೆ ವಿಷಯ ತಲೆಗೆ ಹೋಯಿತು. ಲೇಯರ್ ನಂಬರ್ ಅನ್ನುವುದು ಸರ್ವೆ ನಂಬರಿನ ಹಾಗೆ. ಗ್ರಾಮ, ಹೋಬಳಿ, ತಾಲ್ಲೂಕು ಹೇಳದೆ ಬರೀ ನಂಬರ್ ಹೇಳಿದರೆ ಅದು ಯಾವ ಜಮೀನೂ ಅಲ್ಲ. ಒಂದು ಕಡೆಯ ಯಾವ ಲೇಯರ್ ಇನ್ನೊಂದು ಕಡೆ ಯಾವ ನಂಬರಿಗೆ ಹೋಗಬೇಕು ಎಂದು ಹೇಳುವ ಪಟ್ಟಿಯೇ ಲೇಯರ್ ಮ್ಯಾಪ್. ಅವತ್ತು ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮನೆಯಲ್ಲೇ ಮಾಡಿ ನೋಡುವವರಿಗೆ ಅನುಕೂಲವಾಗಲೆಂದು ಉಚಿತವಾಗಿ ಸಿಗುವ ಕೆಲೇಔಟ್ ಟೂಲನ್ನೇ ಹೆಚ್ಚು ಬಳಸಿದ್ದೇನೆ. ಆಫೀಸಿನಲ್ಲಿ ಕೇಡೆನ್ಸ್ ವರ್ಚುಯೋಸೊ ಬಳಸುವವರಿಗೆ ಅಲ್ಲಲ್ಲಿ ಒಂದೆರಡು ಮಾತಿದೆ.

ಇದನ್ನೆಲ್ಲ ಯಾಕೆ ಮಾಡಬೇಕು

ಚಿಪ್ಪಿನ ಪ್ಯಾಡು ಪ್ಯಾಕೇಜಿನ ಬಂಪಿನ (ಬೆಸುಗೆಯ ಸಣ್ಣ ಉಬ್ಬು) ಮೇಲೆ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು. ಆರ್‌ಎಫ್ (ರೇಡಿಯೋ ತರಂಗದ) ಚಿಪ್ಪಾದರೆ ಪ್ಯಾಕೇಜಿನಲ್ಲಿರುವ ತಾಮ್ರದ ಗೆರೆಯ ಇಂಡಕ್ಟನ್ಸನ್ನು ಚಿಪ್ಪಿನ ಜೊತೆಗೇ ಲೆಕ್ಕ ಹಾಕಲು. ಚಿಪ್ಪಿನಿಂದ ಬಾಲ್‌ವರೆಗೆ (ಪ್ಯಾಕೇಜಿನ ಅಡಿಯ ಬೆಸುಗೆ ಗುಂಡು) ನೆಟ್, ಅಂದರೆ ವಿದ್ಯುತ್ ಸಂಪರ್ಕ, ಎಲ್ಲೂ ಅದಲುಬದಲಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಕಾರಣ ಯಾವುದೇ ಇರಲಿ, ಎರಡೂ ನಕ್ಷೆ ಒಂದೇ ಪರದೆಯ ಮೇಲೆ ಒಂದರ ಮೇಲೊಂದು ಬರಬೇಕು. ಆದರೆ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಬಾರದು.

ಲೇಯರ್ ನಂಬರ್, ಡೇಟಾಟೈಪ್

ಚಿಪ್ ನಕ್ಷೆ ಕೊಟ್ಟು ತೆಗೆದುಕೊಳ್ಳಲು ಬಳಸುವ ಜಿಡಿಎಸ್ ಫೈಲಿನಲ್ಲಿ ಲೇಯರಿಗೆ ಹೆಸರೇ ಇರುವುದಿಲ್ಲ. ಪ್ರತಿ ಆಕಾರಕ್ಕೂ ಎರಡು ಅಂಕಿ ಮಾತ್ರ: ಲೇಯರ್ ನಂಬರ್ ಮತ್ತು ಡೇಟಾಟೈಪ್. 2020ರಲ್ಲಿ ಗೂಗಲ್ ಮತ್ತು ಸ್ಕೈವಾಟರ್ ಸೇರಿ ಎಲ್ಲರಿಗೂ ಮುಕ್ತವಾಗಿ ಕೊಟ್ಟ ಸ್ಕೈ130 ಪಿಡಿಕೆ (ಫ್ಯಾಬ್, ಅಂದರೆ ಚಿಪ್ ಕಾರ್ಖಾನೆ, ಕೊಡುವ ಲೇಯರ್ ಪಟ್ಟಿ, ನಿಯಮಗಳ ಕಟ್ಟು) ತೆಗೆದುಕೊಳ್ಳಿ. ಅದರಲ್ಲಿ ಮೊದಲ ಮೆಟಲ್ 68/20. ಅದೇ 68ರ ಕೆಳಗೆ ಪಿನ್ 68/16, ಲೇಬಲ್ 68/5, ಮೇಲಿನ ಮೆಟಲಿಗೆ ಹೋಗುವ ವಯಾ 68/44. ಪಹಣಿ ನೋಡಿ ಅಭ್ಯಾಸ ಇರುವವರಿಗೆ ಇದು ಹೊಸದೇನಲ್ಲ. ಸರ್ವೆ ನಂಬರ್ ಒಂದೇ, ಹಿಸ್ಸಾ ಬೇರೆ ಬೇರೆ. ಒಂದು ಹಿಸ್ಸಾದಲ್ಲಿ ಗದ್ದೆ, ಇನ್ನೊಂದರಲ್ಲಿ ತೋಟ, ಮತ್ತೊಂದರಲ್ಲಿ ಕಣ.

ಪ್ಯಾಕೇಜ್ ಕಡೆಯವರು ಕೊಡುವ ಜಿಡಿಎಸ್‌ನಲ್ಲಿ ಸಾಮಾನ್ಯವಾಗಿ ಡೇಟಾಟೈಪ್ ಎಲ್ಲವೂ 0. ಅವರ ಟೂಲಿಗೆ ಹಿಸ್ಸಾ ಲೆಕ್ಕ ಬೇಕಿಲ್ಲ. ಡಿಎಕ್ಸ್‌ಎಫ್ (ಕ್ಯಾಡ್ ನಕ್ಷೆಯ ಫೈಲ್) ಕೊಟ್ಟರೆ ಲೇಯರಿಗೆ ಹೆಸರಿರುತ್ತದೆ, ನಂಬರ್ ಇರುವುದಿಲ್ಲ. ಜಿಡಿಎಸ್ ನಂತರ ಬಂದ ಓಎಸಿಸ್ ಎಂಬ ಬಗೆಯ ಫೈಲಿನಲ್ಲಿ ನಂಬರಿನ ಜೊತೆ ಹೆಸರನ್ನೂ ಇಡಲು ಅವಕಾಶವಿದೆ, ಇಟ್ಟಿದ್ದರೆ ನಿಮ್ಮ ಪುಣ್ಯ.

ಎಣಿಕೆಯ ದಿಕ್ಕೂ ಬೇರೆ. ಪಿಸಿಬಿ (ಸರ್ಕ್ಯೂಟ್ ಬೋರ್ಡ್), ಸಬ್‌ಸ್ಟ್ರೇಟ್ ಕೆಲಸದವರು ಮೇಲಿನಿಂದ ಎಣಿಸುತ್ತಾರೆ. ನಂಜನಗೂಡಿನ ಪಿಸಿಬಿ ಕಾರ್ಖಾನೆಯಲ್ಲಿ ಕೆಲಸ ಮಾಡಿ ಬಂದವರನ್ನು ಕೇಳಿ, ಎಲ್1 ಅಂದರೆ ಬಿಡಿಭಾಗ ಕೂರುವ ಮೇಲ್ಮುಖ ಎನ್ನುತ್ತಾರೆ. ಚಿಪ್ಪಿನವರು ಟ್ರಾನ್ಸಿಸ್ಟರ್ ಇರುವ ನೆಲಮಾಳಿಗೆಯಿಂದ ಮೇಲಕ್ಕೆ ಎಣಿಸುತ್ತಾರೆ. ಹಾಗಾಗಿ ಪ್ಯಾಕೇಜಿನ ಎಂ1 ಚಿಪ್ಪಿಗೆ ಅತಿ ಹತ್ತಿರದ ತಾಮ್ರ, ಚಿಪ್ಪಿನ ಎಂ1 ಪ್ಯಾಕೇಜಿನಿಂದ ಅತಿ ದೂರದ ಮೆಟಲ್. ಸ್ಕೈ130ರ ಮೊದಲ ಮೆಟಲಿನ ಕನಿಷ್ಠ ಅಗಲ 0.14 ಮೈಕ್ರಾನ್. ಸಾಧಾರಣ ಲ್ಯಾಮಿನೇಟ್ ಸಬ್‌ಸ್ಟ್ರೇಟಿನ ಗೆರೆ ಹತ್ತಾರು ಮೈಕ್ರಾನ್. ಒಂದರ ನಿಯಮ ಇನ್ನೊಂದಕ್ಕೆ ಹೊಂದುವುದಿಲ್ಲ, ಆ ಹುಡುಗಿಯ ಪರದೆ ಕೆಂಪಾಗಿದ್ದು ಇದಕ್ಕೇ.

ಹಂತ 1: ಫೈಲ್ ತೆರೆಯುವ ಮೊದಲು ಪತ್ರ ಬರೆಯಿರಿ

ನನ್ನ ಅನುಭವದಲ್ಲಿ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ, ಆದರೆ ಯಾರೂ ಮಾಡುವುದಿಲ್ಲ. ಫೈಲ್ ಬಂತು, ಡಬಲ್ ಕ್ಲಿಕ್, ಆಮೇಲೆ ಊಹೆ. ಜಮೀನು ಕೊಳ್ಳುವವನು ಪಹಣಿ ನೋಡದೆ ಬೇಲಿ ಹಾಕಿದ ಹಾಗೆ. ಪ್ಯಾಕೇಜ್ ಕಡೆಯವರಿಗೆ ಒಂದೇ ಮೇಲ್ ಹಾಕಿ, ಈ ವಿವರ ತರಿಸಿಕೊಳ್ಳಿ:

ಪ್ರತಿ ಲೇಯರಿನ ಹೆಸರು ಅಥವಾ ನಂಬರ್, ಅದು ವಸ್ತುವಾಗಿ ಏನು (ತಾಮ್ರವೋ, ವಯಾನೋ, ತಾಮ್ರವನ್ನು ಮುಚ್ಚುವ ಸೋಲ್ಡರ್ ಮಾಸ್ಕೋ, ಬರೀ ಬರವಣಿಗೆಯೋ), ಮೇಲಿನಿಂದ ಎಷ್ಟನೆಯದು, ದಪ್ಪ ಎಷ್ಟು.

ಬಿಡಿಸಿರುವುದು ಇರುವ ಜಾಗವನ್ನೋ ಇಲ್ಲದ ಜಾಗವನ್ನೋ. ಇದನ್ನು ಪ್ರತಿ ಲೇಯರಿಗೂ ಬೇರೆಯಾಗಿ ಕೇಳಿ.

ಅಳತೆಯ ಮಾನ ಮೈಕ್ರಾನೋ, ಮಿಲಿಮೀಟರೋ, ಮಿಲ್ಲೋ. ಒಂದು ಮಿಲ್ ಎಂದರೆ 25.4 ಮೈಕ್ರಾನ್.

ಮೂಲಬಿಂದು ಎಲ್ಲಿ. ಚಿಪ್ಪಿನವರು ಎಡ ಕೆಳಮೂಲೆ ಹಿಡಿಯುವುದು ಹೆಚ್ಚು, ಪ್ಯಾಕೇಜಿನವರು ನಡುಮಧ್ಯ.

ನೋಟ ಯಾವ ಕಡೆಯಿಂದ. ಚಿಪ್ ಬೋರಲಾಗಿ ಕೂತಿದೆಯೋ, ಅಂಗಾತವಾಗಿಯೋ.

ಬಂಪ್ ಅಥವಾ ಪ್ಯಾಡುಗಳ ಪಟ್ಟಿ: ಹೆಸರು, ಎಕ್ಸ್, ವೈ, ನೆಟ್. ಒಂದು ಸಾದಾ ಸಿಎಸ್‌ವಿ ಸಾಕು. ಜಿಡಿಎಸ್, ಡಿಎಕ್ಸ್‌ಎಫ್ ಎರಡರಲ್ಲೂ ನೆಟ್ ಮಾಹಿತಿ ಉಳಿಯುವುದಿಲ್ಲವಾದ್ದರಿಂದ ಕೊನೆಯಲ್ಲಿ ಆಸರೆಯಾಗುವುದು ಈ ಪಟ್ಟಿಯೇ.

ಉತ್ತರ ಬರುವ ತನಕ ಬೇರೆ ಕೆಲಸ ನೋಡಿ. ನಿಜವಾಗಿ ಹೇಳುತ್ತಿದ್ದೇನೆ.

ಹಂತ 2: ಮ್ಯಾಪ್ ಇಲ್ಲದೆ ಒಮ್ಮೆ ತೆರೆದು ನೋಡಿ

ಚಿಪ್ಪಿನ ಫೈಲಿನ ಹತ್ತಿರಕ್ಕೂ ಹೋಗದೆ, ಪ್ಯಾಕೇಜ್ ಫೈಲನ್ನು ಒಂಟಿಯಾಗಿ ಹೊಸ ಕಿಟಕಿಯಲ್ಲಿ ತೆರೆಯಿರಿ. ಡಿಎಕ್ಸ್‌ಎಫ್ ಆದರೆ ಅದಕ್ಕೂ ಮೊದಲು ಕೆಲೇಔಟಿನ ಫೈಲ್ ಮೆನುವಿನಲ್ಲಿ ರೀಡರ್ ಆಪ್ಷನ್ಸ್ ತೆರೆದು ಎರಡು ಕಡೆ ಕೈ ಹಾಕಬೇಕು.

ಮೊದಲನೆಯದು ಅಳತೆ. ಡಿಎಕ್ಸ್‌ಎಫ್‌ನ ಒಂದು ಯೂನಿಟ್ ಎಷ್ಟು ಮೈಕ್ರಾನ್ ಎಂದು ಅಲ್ಲಿ ನೀವೇ ಹೇಳಬೇಕು. ಮೊದಲೇ ಇರುವ ಬೆಲೆ 1. ಫೈಲ್ ಮಿಲಿಮೀಟರಿನಲ್ಲಿದ್ದರೆ 1000, ಮಿಲ್ ಆದರೆ 25.4, ಇಂಚಾದರೆ 25400. ಬದಲಿಸಲು ಮರೆತರೆ 10 ಮಿಲಿಮೀಟರ್ ಪ್ಯಾಕೇಜ್ 10 ಮೈಕ್ರಾನ್ ಆಗಿ ಚಿಪ್ಪಿನ ಒಂದು ಪ್ಯಾಡಿನೊಳಗೇ ಕೂರುತ್ತದೆ. ಇದು ತಕ್ಷಣ ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ.

ಎರಡನೆಯದು ಹೆಸರು, ಇದು ಕಣ್ಣಿಗೆ ಬೀಳುವುದಿಲ್ಲ. ಲೇಯರಿನ ಹೆಸರು 'ಎಲ್4' ಎಂದಿದ್ದರೆ ಕೆಲೇಔಟ್ ಅದನ್ನು ಬುದ್ಧಿವಂತಿಕೆಯಿಂದ ಲೇಯರ್ ನಂಬರ್ 4 ಎಂದು ಓದಿಕೊಳ್ಳುತ್ತದೆ. ಸಬ್‌ಸ್ಟ್ರೇಟಿನವರು ಎಲ್1, ಎಲ್2, ಎಲ್3 ಎಂದೇ ಹೆಸರಿಡುವುದು. ಚಿಪ್ಪಿನ ಪಿಡಿಕೆಯಲ್ಲಿ 1ರಿಂದ 4ರವರೆಗೆ ಟ್ರಾನ್ಸಿಸ್ಟರ್ ಕಟ್ಟುವ ವೆಲ್, ಡಿಫ್ಯೂಷನ್, ಪಾಲಿ ಪದರಗಳು ಇದ್ದರೆ ಏನಾಗುತ್ತದೆ ಯೋಚಿಸಿ. ಪ್ಯಾಕೇಜಿನ ತಾಮ್ರವೆಲ್ಲ ಟ್ರಾನ್ಸಿಸ್ಟರ್ ಆಗಿಬಿಡುತ್ತದೆ! ಅದಕ್ಕೆ 'ಕೀಪ್ ಲೇಯರ್ ನೇಮ್ಸ್' ಎಂಬಲ್ಲಿ ಗುರುತು ಹಾಕಿ, ಹೆಸರು ಇದ್ದ ಹಾಗೇ ಬರಲಿ.

ತೆರೆದ ಮೇಲೆ ರೂಲರ್ ಹಿಡಿದು ಪ್ಯಾಕೇಜಿನ ಹೊರಗೆರೆ, ಚಿಪ್ ಕೂರುವ ಜಾಗ, ಎರಡು ಬಂಪಿನ ನಡುವಿನ ದೂರ, ಮೂರನ್ನೂ ಅಳೆಯಿರಿ. ಪತ್ರದಲ್ಲಿ ಬಂದ ಅಂಕಿಗೆ ಹೊಂದಬೇಕು. ಆಮೇಲೆ ಒಂದೊಂದೇ ಲೇಯರನ್ನು ಮಾತ್ರ ಕಾಣುವಂತೆ ಮಾಡಿ ನೋಡುತ್ತಾ ಹೋಗಿ. ಪಟ್ಟಿಯಲ್ಲಿ ಇಲ್ಲದ ಲೇಯರ್ ಒಂದೋ ಎರಡೋ ಸಿಕ್ಕೇ ಸಿಗುತ್ತವೆ. ಹಳೆಯ ಆವೃತ್ತಿಯ ಉಳಿಕೆ, ಯಾರೋ ಹಾಕಿಟ್ಟ ಅಳತೆಯ ಬಾಣಗಳು, ಕಂಪನಿಯ ಲಾಂಛನ.

ಹಂತ 3: ಮ್ಯಾಪ್ ಬರೆಯುವುದು

ಇಲ್ಲಿ ನನ್ನದೊಂದು ಹಟವಿದೆ: ಪ್ಯಾಕೇಜಿನ ಯಾವ ಲೇಯರನ್ನೂ ಚಿಪ್ಪಿನ ಲೇಯರಿಗೆ ನೇರವಾಗಿ ಜೋಡಿಸಬೇಡಿ. ಪ್ಯಾಕೇಜಿಗೆಂದೇ ಹೊಸ ಬಡಾವಣೆ ಮಾಡಿ. ಪಿಡಿಕೆಯ ಲೇಯರ್ ಪಟ್ಟಿ ತೆರೆದು, ಯಾರೂ ವಾಸವಿಲ್ಲದ ನಂಬರುಗಳ ವಲಯ ಹುಡುಕಿ. ಜಿಡಿಎಸ್‌ನಲ್ಲಿ ನಂಬರಿಗೆ 16 ಬಿಟ್ ಜಾಗವಿದ್ದರೂ ಕೆಲವು ಹಳೆಯ ಟೂಲುಗಳು 255ರ ಮೇಲೆ ಒಪ್ಪುವುದಿಲ್ಲ, ಹಾಗಾಗಿ ಅದರೊಳಗೇ ಇರುವುದು ಒಳ್ಳೆಯದು. ಈ ಬರಹಕ್ಕೆ 150ರಿಂದ ಖಾಲಿ ಇದೆ ಎಂದುಕೊಳ್ಳೋಣ. ನಾಲ್ಕು ತಾಮ್ರದ ಸಬ್‌ಸ್ಟ್ರೇಟಿಗೆ ನನ್ನ ಮ್ಯಾಪ್ ಹೀಗಿರುತ್ತದೆ (ಫೈಲಿನಲ್ಲಿ ಹೆಸರು ಇಂಗ್ಲಿಷ್ ಅಕ್ಷರದಲ್ಲಿರುತ್ತದೆ):

ಎಲ್1 : 150/0 – ಚಿಪ್ ಕಡೆಯ ತಾಮ್ರ
ವಿ12 : 151/0 – ಮೈಕ್ರೋವಯಾ
ಎಲ್2 : 152/0 – ಗ್ರೌಂಡ್ ಪ್ಲೇನ್
ವಿ23 : 153/0 – ಕೋರ್ (ನಡುವಿನ ದಪ್ಪ ಪದರ) ಮೂಲಕ ಹೋಗುವ ವಯಾ
ಎಲ್3 : 154/0
ವಿ34 : 155/0
ಎಲ್4 : 156/0 – ಬಾಲ್ ಕಡೆಯ ತಾಮ್ರ
ಮೇಲಿನ ಮಾಸ್ಕ್ : 160/1
ಕೆಳಗಿನ ಮಾಸ್ಕ್ : 161/1
ಹೊರಗೆರೆ : 170/0
ಚಿಪ್ ಗೆರೆ : 171/0
ಬರವಣಿಗೆ : 172/5

ತಾಮ್ರಕ್ಕೆ ಸರಿಸಂಖ್ಯೆ, ವಯಾಗೆ ಬೆಸಸಂಖ್ಯೆ. ಮೇಲಿನಿಂದ ಕೆಳಕ್ಕೆ ನಿಜವಾದ ಅಡುಕಿನ ಕ್ರಮ. ಹೆಸರು ಮರೆತರೂ ನಂಬರ್ ನೋಡಿದ ಕೂಡಲೇ ಯಾವ ಮಹಡಿ ಎಂದು ಗೊತ್ತಾಗಬೇಕು. ಮಾಸ್ಕಿಗೆ ಡೇಟಾಟೈಪ್ 1 ಕೊಟ್ಟಿದ್ದು 'ಇಲ್ಲಿ ಬಿಡಿಸಿರುವುದು ಕಿಂಡಿ, ಮಾಸ್ಕ್ ಅಲ್ಲ' ಎಂಬ ನೆನಪಿಗೆ. ಬರವಣಿಗೆಯ 5 ಸ್ಕೈ130ರ ಲೇಬಲ್ ಪದ್ಧತಿಯಿಂದ ಎರವಲು. ನಿಮ್ಮ ಪಿಡಿಕೆಯ ಪದ್ಧತಿ ಬೇರೆ ಇದ್ದರೆ ಅದನ್ನೇ ಹಿಡಿಯಿರಿ.

ಕೆಲೇಔಟಿನ ರೀಡರ್ ಆಪ್ಷನ್ಸ್‌ನಲ್ಲಿ ಎಡಕ್ಕೆ ಮೂಲ, ನಡುವೆ ಎರಡು ಚುಕ್ಕಿ, ಬಲಕ್ಕೆ ಗುರಿ ಎಂದು ಇದೇ ರೂಪದಲ್ಲಿ ಕೊಡಬಹುದು. ಫೈಲಿನಿಂದಲೂ ಓದಿಸಬಹುದು. ಹೆಸರನ್ನು ಕೈಯಲ್ಲಿ ಟೈಪ್ ಮಾಡದೆ ಮೂಲದಿಂದ ನಕಲಿಸಿ. ಇಂಗ್ಲಿಷಿನ ಎಲ್ ಅಕ್ಷರಕ್ಕೂ 1 ಎಂಬ ಅಂಕಿಗೂ ಇರುವ ಹೋಲಿಕೆ ಎಷ್ಟು ಸಂಜೆಗಳನ್ನು ತಿಂದಿದೆಯೋ!

ವರ್ಚುಯೋಸೊದಲ್ಲಿ ಮ್ಯಾಪ್ ಫೈಲಿನ ಪ್ರತಿ ಸಾಲಿಗೆ ನಾಲ್ಕು ಕಾಲಂ: ಟೂಲಿನೊಳಗಿನ ಲೇಯರ್ ಹೆಸರು, ಅದರ ಪರ್ಪಸ್ (ಡ್ರಾಯಿಂಗ್, ಪಿನ್ ಇತ್ಯಾದಿ), ಸ್ಟ್ರೀಮ್ (ಅಂದರೆ ಜಿಡಿಎಸ್) ನಂಬರ್, ಸ್ಟ್ರೀಮ್ ಡೇಟಾಟೈಪ್. ಇಲ್ಲಿ ದಿಕ್ಕು ತಿರುವುಮುರುವು ಎಂಬುದನ್ನು ಗಮನಿಸಿ. ಕೆಲೇಔಟಿನಲ್ಲಿ ಎಡಗಡೆ ಇದ್ದ ಮೂಲ ಇಲ್ಲಿ ಬಲಕ್ಕೆ ಬರುತ್ತದೆ. ಆ ಹೊಸ ಲೇಯರುಗಳನ್ನು ಮೊದಲು ಟೆಕ್ನಾಲಜಿ ಲೈಬ್ರರಿಯಲ್ಲಿ ಹುಟ್ಟಿಸಿರಬೇಕು. ಫ್ಯಾಬ್ ಕೊಟ್ಟ ಮೂಲ ಲೈಬ್ರರಿಯನ್ನು ತಿದ್ದಬೇಡಿ, ಅದನ್ನು ಆಧಾರವಾಗಿಟ್ಟು ನಿಮ್ಮದೊಂದು ಮಾಡಿಕೊಳ್ಳಿ.

ಇನ್ನು ಮ್ಯಾಪಿನಲ್ಲಿ ಸೇರದ ಲೇಯರುಗಳ ಗತಿ. ಕೆಲೇಔಟಿನಲ್ಲಿ 'ಉಳಿದ ಲೇಯರುಗಳನ್ನೂ ಓದು' ಎಂಬ ಅರ್ಥದ ಆಯ್ಕೆ ಇದೆ. ಮೊದಲ ಸಲ ಅದು ಆನ್ ಇರಲಿ. ಬೇಡದ್ದು ಬಂದರೆ ಅಳಿಸಬಹುದು. ಬೇಕಾದದ್ದು ಸದ್ದಿಲ್ಲದೆ ಬಿದ್ದುಹೋದರೆ ಗೊತ್ತೇ ಆಗುವುದಿಲ್ಲ. ವರ್ಚುಯೋಸೊ ಆದರೆ ಇಂಪೋರ್ಟ್ ಮುಗಿದ ಮೇಲೆ ಲಾಗ್ ಫೈಲನ್ನು ಮೇಲಿನಿಂದ ಕೆಳಗಿನ ತನಕ ಓದಿ. 'ಯಶಸ್ವಿ' ಎಂಬ ಕೊನೆಯ ಸಾಲು ಮಾತ್ರ ಓದುವವರು ನಮ್ಮಲ್ಲೇ ಹೆಚ್ಚು.

ಹಂತ 4: ಇರುವುದು, ಇಲ್ಲದಿರುವುದು

ಕೆಲವು ವರ್ಷಗಳ ಹಿಂದೆ ನಾನೇ ಮಣ್ಣು ತಿಂದ ಜಾಗ ಇದು. ಸಬ್‌ಸ್ಟ್ರೇಟ್ ತಯಾರಕರೊಬ್ಬರು ಕಳಿಸಿದ ಫೈಲಿನಲ್ಲಿ ಎಲ್2ನಲ್ಲಿ ಚಿಕ್ಕ ಚಿಕ್ಕ ವೃತ್ತಗಳು ಮಾತ್ರ ಇದ್ದವು. ಗ್ರೌಂಡ್‌ಗೆ ಸೇರುವ ವಯಾ ಪ್ಯಾಡುಗಳಿರಬೇಕು ಎಂದುಕೊಂಡು ಮುಂದುವರಿದೆ. ಸಿಮ್ಯುಲೇಷನ್ನಿನಲ್ಲಿ ಇಂಡಕ್ಟನ್ಸ್ ಊಹೆಗೂ ಮೀರಿ ಬಂತು. ಮೂರು ದಿನ ಮಾಡೆಲನ್ನೇ ಅನುಮಾನಿಸಿದೆ. ಕೊನೆಗೆ ನೋಡಿದರೆ ಆ ಲೇಯರ್ ನೆಗೆಟಿವ್. ಪ್ಲೇನ್ ತುಂಬ ತಾಮ್ರ, ವೃತ್ತಗಳೇ ತೂತು. ಅವರ ಪಟ್ಟಿಯಲ್ಲಿ ಆ ಮಾತು ಇರಲಿಲ್ಲ, ನಾನೂ ಕೇಳಿರಲಿಲ್ಲ.

ನೆಗೆಟಿವ್ ಲೇಯರನ್ನು ಬೇರೆ ನಂಬರಿಗೆ, ಉದಾಹರಣೆಗೆ 152/1ಕ್ಕೆ, ತನ್ನಿ. ಆಮೇಲೆ ಹೊರಗೆರೆಯ ತುಂಬಿದ ಆಕಾರದಿಂದ ಅದನ್ನು ಕಳೆದು ಬಂದದ್ದನ್ನು 152/0ರಲ್ಲಿ ಇಡಿ. ಕೆಲೇಔಟಿನಲ್ಲಿ ಎಡಿಟ್ ಮೆನುವಿನ ಲೇಯರ್ ಭಾಗದಲ್ಲಿರುವ ಬೂಲಿಯನ್ ಆಪರೇಷನ್ಸ್ ಇದಕ್ಕೆ ಸಾಕು. ತಾಮ್ರ ಸಬ್‌ಸ್ಟ್ರೇಟಿನ ಅಂಚಿನ ತನಕ ಬರುವುದಿಲ್ಲ ಎಂಬುದನ್ನು ಮರೆಯಬೇಡಿ. ಎಷ್ಟು ಒಳಗೆ ನಿಲ್ಲುತ್ತದೆ ಎಂದು ಕೇಳಿ, ಅಷ್ಟು ಕುಗ್ಗಿಸಿದ ಮೇಲೆ ಕಳೆಯಿರಿ. ಸೋಲ್ಡರ್ ಮಾಸ್ಕನ್ನು ಮಾತ್ರ ತಿರುಗಿಸಲು ಹೋಗಬೇಡಿ. ಬಂಪ್ ಕೂರುವ ಕಿಂಡಿಯೇ ನಮಗೆ ಬೇಕಾದದ್ದು.

ಹಂತ 5: ಗೆರೆ, ವೃತ್ತ, ಗ್ರಿಡ್

ಡಿಎಕ್ಸ್‌ಎಫ್‌ನಲ್ಲಿ ನಿಜವಾದ ವೃತ್ತ, ಕಮಾನು ಇರುತ್ತವೆ. ಜಿಡಿಎಸ್‌ಗೆ ಅವು ಗೊತ್ತಿಲ್ಲ, ಬಹುಭುಜವಾಗಿ ಮುರಿಯುತ್ತದೆ. ಕೆಲೇಔಟಿನಲ್ಲಿ ಒಂದು ಪೂರ್ಣ ವೃತ್ತಕ್ಕೆ ಎಷ್ಟು ಬಿಂದು ಎಂದು ಹೇಳಬಹುದು. ಬಂಪಿಗೆ 32 ಧಾರಾಳವಾಗಿ ಸಾಕು. ಸಾವಿರಾರು ವಯಾ ಇರುವಾಗ ಒಂದೊಂದಕ್ಕೂ ನೂರು ಮೂಲೆ ಕೊಟ್ಟರೆ ಫೈಲ್ ಊದಿಕೊಳ್ಳುತ್ತದೆ ಅಷ್ಟೇ.

ಹೊರಗೆರೆ ನಾಲ್ಕು ಬಿಡಿ ಗೆರೆಗಳಾಗಿ ಬಂದಿದ್ದರೆ ಅದು ಆಕಾರವಲ್ಲ, ಬೂಲಿಯನ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪಾಲಿಲೈನ್ ಮೋಡ್‌ನಲ್ಲಿ ಅಗಲವಿಲ್ಲದ ಗೆರೆಗಳನ್ನು ಕೂಡಿಸಿ ಬಹುಭುಜ ಮಾಡುವ ಆಯ್ಕೆ ಹಿಡಿಯಿರಿ. ಪ್ಯಾಕೇಜಿನ ಗೆರೆಗಳು ಯಾವ ಕೋನಕ್ಕಾದರೂ ಓಡುತ್ತವೆ, ಚಿಪ್ಪಿನ ಗ್ರಿಡ್ಡಿಗೆ ಕೂರುವುದಿಲ್ಲ. ಪ್ರತ್ಯೇಕ ಬಡಾವಣೆಯಲ್ಲಿ ಇರುವ ತನಕ ಚಿಪ್ಪಿನ ಡಿಆರ್‌ಸಿಗೆ ಅವು ಕಾಣುವುದೇ ಇಲ್ಲ, ಹಾಗಾಗಿ ತಲೆಬಿಸಿ ಬೇಡ.

ಹಂತ 6: ಚಿಪ್ಪಿನ ಪಕ್ಕಕ್ಕೆ ತರುವುದು

ಪ್ಯಾಕೇಜನ್ನು ಚಿಪ್ಪಿನ ಫೈಲಿನೊಳಗೆ ಸುರಿಯುವ ಮೊದಲು ಸೆಲ್ (ಹೆಸರಿಟ್ಟು ಮತ್ತೆ ಮತ್ತೆ ಬಳಸುವ ನಕ್ಷೆಯ ತುಣುಕು) ಹೆಸರುಗಳನ್ನು ನೋಡಿ. ಎರಡರಲ್ಲೂ 'ವಯಾ1' ಎಂಬ ಸೆಲ್ ಇದ್ದರೆ ಒಂದು ಇನ್ನೊಂದನ್ನು ನುಂಗಬಹುದು. ಚಿಪ್ಪಿನ ವಯಾಗಳೆಲ್ಲ ರಾತ್ರೋರಾತ್ರಿ ನೂರು ಮೈಕ್ರಾನ್ ಗಾತ್ರಕ್ಕೆ ಬೆಳೆದಿದ್ದನ್ನು ನೋಡಿದವರು ಇದ್ದಾರೆ. ಪ್ಯಾಕೇಜಿನ ಎಲ್ಲ ಸೆಲ್ಲುಗಳ ಹೆಸರಿಗೂ ಮುಂದೆ 'ಪಿಕೆಜಿ' ಎಂದು ಸೇರಿಸಿ. ಎರಡರ ಮೇಲೆ ಹೊಸದೊಂದು ಟಾಪ್ ಸೆಲ್ ಮಾಡಿ, ಚಿಪ್ ಒಂದು ಇನ್‌ಸ್ಟನ್ಸ್, (ಅದರಲ್ಲಿ ಕೂರಿಸಿದ ಪ್ರತಿ), ಪ್ಯಾಕೇಜ್ ಇನ್ನೊಂದು.

ಈಗ ಕೂರಿಸುವುದು. ಕ್ರಮ ತಪ್ಪಿಸಬೇಡಿ: ಮೊದಲು ಗಾತ್ರ, ಆಮೇಲೆ ಕನ್ನಡಿ, ಆಮೇಲೆ ತಿರುಗಿಸುವುದು, ಕೊನೆಗೆ ಸರಿಸುವುದು.

ಗಾತ್ರ ಎಂದರೆ ಶ್ರಿಂಕ್. ಕೆಲವು ಪ್ರೋಸೆಸ್‌ಗಳಲ್ಲಿ ನಾವು ಬಿಡಿಸಿದ್ದನ್ನು ಫ್ಯಾಬಿನಲ್ಲಿ 0.9ರಷ್ಟಕ್ಕೆ ಕುಗ್ಗಿಸುತ್ತಾರೆ. ಪ್ಯಾಕೇಜಿನವರ ಬಳಿ ಇರುವುದು ಕುಗ್ಗಿದ, ನಿಜವಾದ ಸಿಲಿಕಾನಿನ ಅಳತೆ. ಚಿಪ್ಪಿನ ಮಧ್ಯದಿಂದ 1800 ಮೈಕ್ರಾನ್ ದೂರದಲ್ಲಿ ಬಿಡಿಸಿದ ಪ್ಯಾಡು ಸಿಲಿಕಾನಿನಲ್ಲಿ 1620ರಲ್ಲಿರುತ್ತದೆ. ವ್ಯತ್ಯಾಸ 180. ಬಂಪುಗಳ ನಡುವಿನ ದೂರ 150 ಆಗಿದ್ದರೆ ಪ್ಯಾಡು ಪಕ್ಕದ ಮನೆಯನ್ನೂ ದಾಟಿ ನಿಂತಿತು. ಕುಗ್ಗಿಸುವುದಾದರೆ ಚಿಪ್ಪಿನ ಇನ್‌ಸ್ಟನ್ಸನ್ನು ಕುಗ್ಗಿಸಿ. ಪ್ಯಾಕೇಜನ್ನು ಹಿಗ್ಗಿಸಿದರೆ ಅದರ ತಾಮ್ರದ ಅಗಲವೂ ಸುಳ್ಳಾಗುತ್ತದೆ.

ಕನ್ನಡಿ: ಫ್ಲಿಪ್‌ಚಿಪ್ ಆದರೆ ಚಿಪ್ ಬೋರಲು ಮಲಗುತ್ತದೆ, ಎಡ ಬಲವಾಗುತ್ತದೆ. ವೈ ಅಕ್ಷದ ಮೇಲೆ ಮಗುಚಬೇಕು. ವೈರ್‌ಬಾಂಡ್ (ಸಣ್ಣ ತಂತಿಗಳಿಂದ ಜೋಡಿಸುವುದು) ಆದರೆ ಅಂಗಾತ ಇರುತ್ತದೆ, ಮಗುಚುವುದು ಬೇಡ. ಮೋಸ ಎಲ್ಲಿ ಎಂದರೆ, ಬಂಪಿನ ಸಾಲು ಎರಡೂ ಕಡೆ ಒಂದೇ ಥರ ಇದ್ದರೆ ಮಗುಚಿದರೂ ಮಗುಚದಿದ್ದರೂ ಎಲ್ಲವೂ ಚೆನ್ನಾಗಿ ಕೂತಂತೆ ಕಾಣುತ್ತದೆ. ಆಕಾರ ನೋಡಿ ನಂಬಬೇಡಿ. ಒಂದು ಮೂಲೆಯಲ್ಲಿ ಬಿಟ್ಟ ಬಂಪು, ಒಂದನೇ ಪಿನ್ನಿನ ಗುರುತು, ಇಲ್ಲವೇ ಬಂಪಿನ ಹೆಸರು ಹಿಡಿದು ನೋಡಿ. ವಿಡಿಡಿ (ಪವರ್) ಎಂದಿರುವ ಕಡೆ ವಿಎಸ್‌ಎಸ್ (ಗ್ರೌಂಡ್) ಬಂದು ಕೂತಿದ್ದರೆ ನೀವು ಕನ್ನಡಿಯ ಒಳಗಿದ್ದೀರಿ.

ಹಂತ 7: ತಾಳೆ ನೋಡುವುದು

ನಾನು ಮಾಡುವುದು ಮೂರು ಪರೀಕ್ಷೆ.

ಮೊದಲಿಗೆ, ಚಿಪ್ಪಿನ ಪ್ಯಾಡ್ ಕಿಂಡಿ (ಸ್ಕೈ130ರಲ್ಲಿ 76/20) ಮತ್ತು ಪ್ಯಾಕೇಜಿನ ಮೇಲಿನ ಮಾಸ್ಕ್ ಕಿಂಡಿ 160/1, ಎರಡರ ಛೇದ ತೆಗೆದು ಎಣಿಸಿ. ಸಿಎಸ್‌ವಿಯಲ್ಲಿ 96 ಬಂಪು ಇದ್ದರೆ ಇಲ್ಲೂ 96 ತುಂಡು ಬರಬೇಕು. 95 ಬಂದರೆ ಹುಡುಕಿ. 97 ಬಂದರೂ ಹುಡುಕಿ, ಅದು ಇನ್ನೂ ಕೆಟ್ಟದ್ದು. ಪರೀಕ್ಷೆಗೆಂದು ಇಟ್ಟ, ಬಂಪಿಲ್ಲದ ಪ್ಯಾಡುಗಳೂ ಚಿಪ್ಪಿನಲ್ಲಿ ಇರುತ್ತವೆ. ಅವುಗಳ ಕೆಳಗೆ ಮಾಸ್ಕ್ ಕಿಂಡಿ ಇರಕೂಡದು.

ಎರಡನೆಯದು, ಮ್ಯಾಪ್ ಹಾಕಿ ತಂದ ಫೈಲಿಗೂ ಹಂತ 2ರಲ್ಲಿ ಬರಿದೇ ತೆರೆದ ಫೈಲಿಗೂ ಲೇಯರ್ ಲೇಯರಿಗೆ ಎಕ್ಸ್ಒಆರ್, ಅಂದರೆ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ್ದನ್ನು ತೋರಿಸುವ ಹೋಲಿಕೆ. ಅದಕ್ಕೆ ಮೊದಲು ಎರಡನ್ನೂ ಒಂದೇ ನಂಬರಿಗೆ ತಂದುಕೊಳ್ಳಬೇಕು, ಇಲ್ಲದಿದ್ದರೆ ಎಲ್ಲವೂ ವ್ಯತ್ಯಾಸವೇ. ಏನೂ ಉಳಿಯಬಾರದು. ಬೂಲಿಯನ್ ಮಾಡಿದ ಲೇಯರ್ ಇದಕ್ಕೆ ಹೊರತು.

ಮೂರನೆಯದಕ್ಕೆ ಟೂಲ್ ಬೇಡ. ಸಿಎಸ್‌ವಿಯಿಂದ ನಾಲ್ಕು ಮೂಲೆಯ ನಾಲ್ಕು ಬಂಪು, ನಡುವಿನ ಒಂದು ಆರಿಸಿ, ಬಾಲ್‌ನಿಂದ ಹಿಡಿದು 156, 155, 154 ಎಂದು ಒಂದೊಂದು ಮಹಡಿ ಹತ್ತುತ್ತಾ ಕಣ್ಣಲ್ಲೇ ಚಿಪ್ಪಿನ ತನಕ ಬನ್ನಿ. ಮಧ್ಯದಲ್ಲಿ ಎಲ್ಲಾದರೂ ಮೆಟ್ಟಿಲು ಇಲ್ಲದಿದ್ದರೆ ಒಂದು ವಯಾ ಲೇಯರ್ ಬರದೇ ಉಳಿದಿದೆ. ಐದು ನೆಟ್‌ಗೆ ಇಪ್ಪತ್ತು ನಿಮಿಷ ಬೇಕು. ಅವತ್ತು ಆ ಹುಡುಗಿಗೆ ಸಿಕ್ಕಿದ್ದೂ ಇದರಲ್ಲೇ. ವಿ23ರ ಹೆಸರಿನ ಕೊನೆಯಲ್ಲಿ ಮೂಲ ಫೈಲಿನಲ್ಲಿ ಒಂದು ಅಡಿಗೆರೆ ಇತ್ತು, ಅವಳ ಮ್ಯಾಪಿನಲ್ಲಿ ಇರಲಿಲ್ಲ.

ಮ್ಯಾಪ್ ಫೈಲನ್ನು ಇಟ್ಟುಕೊಳ್ಳುವುದು

ಪ್ಯಾಕೇಜ್ ಫೈಲಿನ ಆವೃತ್ತಿ, ಅದು ಬಂದ ದಿನ, ಅಳತೆಯ ಮಾನ, ಶ್ರಿಂಕ್, ಕನ್ನಡಿ ಹೌದೋ ಅಲ್ಲವೋ, ಇವನ್ನೆಲ್ಲ ಮ್ಯಾಪ್ ಫೈಲಿನ ತಲೆಯಲ್ಲೇ ಕಾಮೆಂಟ್ ಸಾಲಾಗಿ ಬರೆದು ಗಿಟ್‌ಗೆ ಸೇರಿಸಿ. ಲೇಯರ್ ಬಣ್ಣಗಳ ಎಲ್‌ವೈಪಿ ಫೈಲನ್ನೂ ಜೊತೆಗಿಡಿ. ಪ್ಯಾಕೇಜ್ ಕಡೆಯವರು ಹೊಸ ಆವೃತ್ತಿ ಕಳಿಸಿದಾಗ ಹಳೆಯ ಮ್ಯಾಪನ್ನೇ ಹಾಕಿ ಓಡಿಸುವ ಮೊದಲು ಹಂತ 2ನ್ನು ಮತ್ತೆ ಮಾಡಿ. ಎರಡು ಪದರದ ನಡುವೆ ಒಂದು ಹೊಸ ತಾಮ್ರ ಸೇರಿದ್ದರೆ ಹಳೆಯ ಎಲ್3 ಈಗ ಎಲ್4 ಆಗಿರುತ್ತದೆ. ಪೋಡಿ ಆದ ಮೇಲೆ ಹಳೆಯ ಹಿಸ್ಸಾ ನಂಬರ್ ಹಿಡಿದು ಗದ್ದೆ ಉಳಲು ಹೋದವನ ಪಾಡು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.